ನಲ್ವತ್ತು ವರ್ಷಗಳ ಕ್ಷೇಮ ಸಮಾಚಾರ

ಗಡಿನಾಡಿನ ಶಾಲೆ ಕಾಲೇಜುಗಳಲ್ಲಿ ಸಹಪಾಠಿಗಳ ಸಮಾಗಮವೆಂಬುದು ಈಚೆಗೆ ಒಂದು ಋತುವಾಗಿಬಿಟ್ಟಿದೆ. ಇಪ್ಪತ್ತೈದು ವರ್ಷ, ನಲ್ವತ್ತು ವರ್ಷ, ಐವತ್ತು ವರ್ಷ ಎಂದು ಲೆಕ್ಕವಿಟ್ಟು ಒಂದೇ ತರಗತಿಯಲ್ಲಿ ಕುಳಿತವರು ಮತ್ತೆ ಒಂದೆಡೆ ಸೇರುತ್ತಾರೆ. ಗುರುವಂದನೆ, ಊಟ, ಗುಂಪು ಚಿತ್ರ, ಒಂದೆರಡು ಹಾಡು – ಸಂಜೆಯಾಗುವಷ್ಟರಲ್ಲಿ ಕಾರ್ಯಕ್ರಮ ಮುಗಿಯುತ್ತದೆ. ಆದರೆ ಆ ಒಂದು ದಿನಕ್ಕಾಗಿ ಐದಾರು ತಿಂಗಳು ಮೊದಲೇ ಆರಂಭವಾಗುವ ಕೆಲಸವೊಂದಿದೆ. ಚದುರಿಹೋದವರನ್ನು ಹುಡುಕಿ, ‘ಎಲ್ಲಿದ್ದೀರಿ, ಏನಾದಿರಿ, ಹೇಗಿದ್ದೀರಿ’ ಎಂದು ಕೇಳಿ, ಉತ್ತರ ಬರೆಸಿಕೊಳ್ಳುವ ಕೆಲಸ. ಸಮಾಗಮದ ನಿಜವಾದ ಫಲ ಇದರಲ್ಲೇ ಇದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ಮಾತು ಕನ್ನಡ ಮಾಧ್ಯಮ ಶಾಲೆಗಳನ್ನು ಉಳಿಸಿಕೊಂಡು ಬಂದಿರುವ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದು ಶಾಲೆಯ ಮೆಟ್ಟಿಲು ಹತ್ತುವ ಮುನ್ನ ಪ್ರತಿಯೊಬ್ಬ ತಾಯಿ ತಂದೆಯೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಕಲಿತರೆ ಮುಂದೇನು? ಈ ಪ್ರಶ್ನೆಗೆ ವೇದಿಕೆಯ ಮೇಲಿನಿಂದ ಬರುವ ಉತ್ತರಗಳು ಭಾವಪೂರ್ಣವಾಗಿರುತ್ತವೆ. ಪೇಟೆಯ ಖಾಸಗಿ ಶಾಲೆಯ ಜಾಹೀರಾತಿನಿಂದ ಬರುವ ಉತ್ತರ ಭಯ ಹುಟ್ಟಿಸುತ್ತದೆ. ಕಲಿತವರೇ ನಲ್ವತ್ತು ವರ್ಷಗಳ ಬಳಿಕ ಕುಳಿತು ತಮ್ಮ ಬದುಕಿನ ಲೆಕ್ಕವನ್ನು ತಾವೇ ಬರೆದರೆ ಆ ಉತ್ತರದ ತೂಕ ಬೇರೆ.

ತರಗತಿಯೂ ಕಾಲವೂ

ನಮ್ಮ ತರಗತಿಯವರು ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ 1983ರಿಂದ 1986ರವರೆಗೆ ಪದವಿ ವ್ಯಾಸಂಗ ಮಾಡಿದವರು. ನಾಡು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ ಆರಂಭವಾದ ಈ ಕಾಲೇಜು ಚಂದ್ರಗಿರಿ ಹೊಳೆಯ ಎರಡೂ ದಡದ ಬಡ ಮಕ್ಕಳಿಗೆ ಪದವಿಯ ಬಾಗಿಲನ್ನು ತೆರೆಯಿತು. ಅದಕ್ಕಿಂತ ಮೊದಲು ಮಂಗಳೂರಿಗೆ ಹೋಗಿ ಕಲಿಯುವ ಶಕ್ತಿ ಎಲ್ಲ ಮನೆಗಳಿಗೂ ಇರಲಿಲ್ಲ. ನಾವು ಸೇರಿದಾಗ ಊರು ಕಣ್ಣೂರು ಜಿಲ್ಲೆಯಲ್ಲಿತ್ತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಉದಯವಾಯಿತು. ಹೀಗೆ ಪ್ರವೇಶಪತ್ರದಲ್ಲಿ ಒಂದು ಜಿಲ್ಲೆ, ಕೊನೆಯ ಪರೀಕ್ಷೆಯ ಹೊತ್ತಿಗೆ ಇನ್ನೊಂದು ಜಿಲ್ಲೆ. ಪದವಿ ಪತ್ರವನ್ನು ಕೊಟ್ಟದ್ದು ಕಲ್ಲಿಕೋಟೆ ವಿಶ್ವವಿದ್ಯಾನಿಲಯ. ಕಣ್ಣೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ಆಮೇಲೆ, 1996ರಲ್ಲಿ. ನಮ್ಮ ಹೆತ್ತವರಲ್ಲಿ ಹಲವರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಶಾಲೆಗಳಲ್ಲಿ ಅಕ್ಷರ ಕಲಿತವರಾಗಿದ್ದರು. ಮನೆ ಬದಲಾಗಲಿಲ್ಲ, ಗದ್ದೆ ಬದಲಾಗಲಿಲ್ಲ. ವಿಳಾಸದ ಕೊನೆಯ ಸಾಲು ಮಾತ್ರ ಬದಲಾಗುತ್ತಲೇ ಬಂತು.

ತರಗತಿಯಲ್ಲಿ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಆಯ್ದುಕೊಂಡವರದು ಒಂದು ಬಳಗ. ಹೆಚ್ಚಿನವರು ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲ, ಪೈವಳಿಕೆ, ಮುಳ್ಳೇರಿಯ, ಅಡೂರು ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದವರು. ಮನೆಮಾತಿನಲ್ಲಿ ತುಳುವರಿದ್ದರು, ಹವ್ಯಕರಿದ್ದರು, ಕೊಂಕಣಿ ಮರಾಟಿ ಮಾತಾಡುವವರಿದ್ದರು, ಬ್ಯಾರಿ ಭಾಷೆಯವರಿದ್ದರು, ಮಲಯಾಳ ಮನೆಮಾತಿನವರೂ ಇದ್ದರು. ಇವರನ್ನೆಲ್ಲ ಒಂದು ಬೆಂಚಿನಲ್ಲಿ ಕೂರಿಸಿದ್ದು ಕನ್ನಡ ಶಾಲೆ. ಸಪ್ತಭಾಷೆಗಳ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳುವುದನ್ನು ನಾವು ಹಾಜರಿ ಕರೆಯುವಾಗಲೇ ಕೇಳಿದ್ದೆವು.

ಈ ಬಳಗಕ್ಕೆ ಈ ವರ್ಷ ನಲ್ವತ್ತು ತುಂಬಿತು. ಡಿಸೆಂಬರಿನಲ್ಲಿ ಸೇರುವುದೆಂದು ನಿಶ್ಚಯವಾಗಿದೆ. ಅದಕ್ಕೆ ಮೊದಲು ಪ್ರತಿಯೊಬ್ಬರಿಂದಲೂ ಒಂದು ಪುಟದ ಕ್ಷೇಮ ಸಮಾಚಾರ ಬರೆಸಿ ಪುಸ್ತಿಕೆಯೊಂದನ್ನು ಮುದ್ರಿಸಬೇಕೆಂದು ಐದು ಮಂದಿಯ ಸಮಿತಿ ತೀರ್ಮಾನಿಸಿತು. ಪುಟಗಳನ್ನು ಓದಿ ಜೋಡಿಸುವ ಹೊಣೆ ಈ ಲೇಖಕನ ಪಾಲಿಗೆ ಬಂತು.

ಆಟೋಗ್ರಾಫ್ ಪುಸ್ತಕದ ವಿಳಾಸಗಳು

ಮೊದಲ ಕಷ್ಟ ಹುಡುಕುವುದು. ಕೈಯಲ್ಲೊಂದು ದೂರವಾಣಿ ಇದ್ದರೆ ಎಲ್ಲರೂ ಸಿಗುತ್ತಾರೆಂಬ ಭ್ರಮೆ ನಮಗಿದೆ. ಸಿಗುವವರು ಈಗಾಗಲೇ ಸಂಪರ್ಕದಲ್ಲಿರುವವರು ಮಾತ್ರ. ಉಳಿದವರನ್ನು ಹುಡುಕಲು ನೆರವಾದದ್ದು 1986ರ ಮಾರ್ಚ್ ತಿಂಗಳಿನಲ್ಲಿ ಎಲ್ಲರೂ ಎಲ್ಲರಿಂದಲೂ ಬರೆಸಿಕೊಂಡ ಆಟೋಗ್ರಾಫ್ ಪುಸ್ತಕಗಳು. ಬಣ್ಣ ಬಣ್ಣದ ಹಾಳೆಗಳಲ್ಲಿ ಹಾರೈಕೆಯ ಕೆಳಗೆ ಮನೆಯ ಹೆಸರು, ಅಂಚೆ, ದಾರಿ ಎಂದು ಮೂರು ಸಾಲು. ಹಾರೈಕೆಗಳೆಲ್ಲ ಒಂದೇ ತೆರ. ವಿಳಾಸಗಳು ಮಾತ್ರ ಚಿನ್ನ. ಊರಿನ ಅಂಚೆಯಣ್ಣನಿಗೆ ಇಂದಿಗೂ ಮನೆಯ ಹೆಸರು ಸಾಕು. ತಮ್ಮನ ಮನೆಯೋ ದಾಯಾದಿಯ ಮನೆಯೋ ಅಲ್ಲಿ ಇದ್ದೇ ಇರುತ್ತದೆ. ಅಲ್ಲಿಂದ ಮುಂದಿನ ದಾರಿ ತಿಳಿಯುತ್ತದೆ.

ಹುಡುಗರಿಗಿಂತ ಹುಡುಗಿಯರನ್ನು ಹುಡುಕುವುದು ಇಮ್ಮಡಿ ಕಷ್ಟವಾಯಿತು. ಮದುವೆಯೊಂದಿಗೆ ಊರು ಹೋಯಿತು, ಮನೆಯ ಹೆಸರು ಹೋಯಿತು, ಹೆಸರಿನ ಹಿಂದಿನ ಅಕ್ಷರಗಳು ಹೋದವು. ಕೆಲವರ ಹೆಸರೇ ಬದಲಾಯಿತು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಬಂಗಾರದ ಪದಕದ ಆಸೆ ಹುಟ್ಟಿಸಿದ್ದವಳೊಬ್ಬಳು ಇಪ್ಪತ್ತು ಮೈಲಿ ದೂರದ ಸುಳ್ಯ ತಾಲೂಕಿನಲ್ಲಿದ್ದರೂ ಮೂರು ತಿಂಗಳು ಯಾರಿಗೂ ಸಿಗಲಿಲ್ಲ. ಕಡೆಗೆ ಸುಳಿವು ಕೊಟ್ಟದ್ದು ಆಕೆಯ ತವರಿನ ಭೂತಸ್ಥಾನದ ನೇಮಕ್ಕೆ ಬರುತ್ತಿದ್ದ ನೆಂಟರೊಬ್ಬರು. ಹೆಣ್ಣುಮಕ್ಕಳು ಸಿಗದ ಸಮಾಗಮ ಅರ್ಧ ತರಗತಿಯ ಸಮಾಗಮ. ನಮ್ಮಲ್ಲಿ ನಡೆದ ಅನೇಕ ಸಮಾಗಮಗಳ ಚಿತ್ರಗಳನ್ನು ನೋಡಿದರೆ ಈ ಅರ್ಧ ತಾನಾಗಿ ಕಾಣುತ್ತದೆ.

ಮೊದಲ ಪತ್ರ

ಸಮಿತಿ ಎಲ್ಲರಿಗೂ ಒಂದು ನಮೂನೆ ಕಳುಹಿಸಿತು. ಹೆಸರು, ಉದ್ಯೋಗ, ತಲುಪಿದ ಹುದ್ದೆ, ಬಂದ ಪ್ರಶಸ್ತಿಗಳು, ಮಕ್ಕಳು ಏನಾಗಿದ್ದಾರೆ, ಎಲ್ಲಿದ್ದಾರೆ. ಸಾಮಾನ್ಯವಾಗಿ ಎಲ್ಲೆಡೆ ಕಳುಹಿಸುವ ನಮೂನೆಯೇ ಇದು. ಒಂದೇ ವಾರದಲ್ಲಿ ಕೆಲವು ಉತ್ತರಗಳು ಬಂದವು; ಆಮೇಲೆ ಮೌನ. ಬಂದ ಉತ್ತರಗಳನ್ನು ಮೇಜಿನ ಮೇಲೆ ಹರಡಿದಾಗ ಮೌನದ ಕಾರಣ ಸ್ಪಷ್ಟವಾಯಿತು. ಬರೆದವರಲ್ಲಿ ಬ್ಯಾಂಕಿನ ನಿವೃತ್ತ ಪ್ರಬಂಧಕರಿದ್ದರು, ಹೈಸ್ಕೂಲಿನ ನಿವೃತ್ತ ಮುಖ್ಯೋಪಾಧ್ಯಾಯರಿದ್ದರು, ವಕೀಲರಿದ್ದರು, ಅಮೆರಿಕದಲ್ಲಿ ಮಗನಿರುವವರಿದ್ದರು. ಬರೆಯದವರಲ್ಲಿ ಉಳಿದವರೆಲ್ಲ ಇದ್ದರು. ‘ತಲುಪಿದ ಹುದ್ದೆ’ ಎಂಬ ಖಾಲಿ ಜಾಗದ ಮುಂದೆ ಕೂಲಿಯೆಂದೋ ಗೃಹಿಣಿಯೆಂದೋ ಅಂಗಡಿ ಮುಚ್ಚಿದೆನೆಂದೋ ಬರೆಯಲು ಯಾರಿಗೆ ಕೈ ಬರುತ್ತದೆ?

ಇಂಗ್ಲಿಷ್ ಅಧ್ಯಾಪಕರಾಗಿ ನಿವೃತ್ತರಾದ ಸಹಪಾಠಿಯೊಬ್ಬರು ಆಗ ಸಮಿತಿಗೆ ಬೇರೆಡೆಯ ಉದಾಹರಣೆಗಳನ್ನು ತಂದು ತೋರಿಸಿದರು. ಸಹಪಾಠಿಗಳು ಬದುಕಿನ ಸುದ್ದಿ ಬರೆದು ಹಂಚಿಕೊಳ್ಳುವ ಪದ್ಧತಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಬಹಳ ಹಳೆಯದು. ಅಲ್ಲಿ ಐದು ವರ್ಷಗಳಿಗೊಮ್ಮೆ ತರಗತಿಯ ವರದಿಯೊಂದು ಪುಸ್ತಕರೂಪದಲ್ಲಿ ಬರುತ್ತದೆ. 1829ರಲ್ಲಿ ಅಲ್ಲಿಂದ ಹೊರಬಿದ್ದ ತರಗತಿಯಲ್ಲಿ ವೈದ್ಯರೂ ಕವಿಯೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಇದ್ದರು. ಅವರು 1851ರಿಂದ 1889ರವರೆಗೆ ತಮ್ಮ ತರಗತಿಯ ವಾರ್ಷಿಕ ಕೂಟಕ್ಕೆಂದು ಕವಿತೆಗಳನ್ನು ಬರೆಯುತ್ತ ಬಂದರು. ಮೊದಮೊದಲ ಕವಿತೆಗಳಲ್ಲಿ ತುಂಟಾಟ; ಮುಂದೆ ಮುಂದೆ ಖಾಲಿಯಾಗುತ್ತ ಹೋದ ಕುರ್ಚಿಗಳು. ಕವಿ ಲಾಂಗ್‌ಫೆಲೋ ಬೋಡನ್ ಕಾಲೇಜಿನ 1825ರ ತರಗತಿಯವರು. ಐವತ್ತನೆಯ ವರ್ಷದ ಸಮಾಗಮಕ್ಕಾಗಿ ಅವರು 1875ರಲ್ಲಿ ದೀರ್ಘ ಕವಿತೆಯೊಂದನ್ನು ಬರೆದು ಓದಿದರು. ಸಾಯಲಿರುವ ನಾವು ನಿಮಗೆ ವಂದಿಸುತ್ತೇವೆ ಎಂಬರ್ಥದ ಲ್ಯಾಟಿನ್ ಮಾತು ಅದರ ಶೀರ್ಷಿಕೆ. ಅದೇ ತರಗತಿಯ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಆ ಹೊತ್ತಿಗೆ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಹಾರ್ವರ್ಡಿನಲ್ಲೇ 1938ರಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ಅಲ್ಲಿನ 268 ವಿದ್ಯಾರ್ಥಿಗಳನ್ನು ಆರಿಸಿ, ಅವರು ಮುದುಕರಾಗುವವರೆಗೂ ಸಂಶೋಧಕರು ಮತ್ತೆ ಮತ್ತೆ ಪ್ರಶ್ನಾವಳಿ ಕಳುಹಿಸುತ್ತ, ಭೇಟಿಯಾಗುತ್ತ, ಬದುಕನ್ನು ದಾಖಲಿಸಿಕೊಂಡರು. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿಯೂ ಅವರಲ್ಲಿ ಒಬ್ಬರು. ದಶಕಗಳ ದಾಖಲೆಯನ್ನು ನೋಡಿದವರು ಎತ್ತಿ ಹೇಳಿದ ಮುಖ್ಯ ಮಾತೆಂದರೆ, ಮುಪ್ಪಿನಲ್ಲಿ ಮನುಷ್ಯನನ್ನು ಆರೋಗ್ಯವಾಗಿಡುವುದರಲ್ಲಿ ಹಣ ಹೆಸರುಗಳಿಗಿಂತ ಆಪ್ತ ಸಂಬಂಧಗಳ ಪಾತ್ರ ದೊಡ್ಡದು. ಶ್ರೀಮಂತರ ಕಾಲೇಜಿನ ಅನುಭವ ಬಡವರ ಕಾಲೇಜಿಗೂ ಈ ವಿಷಯದಲ್ಲಿ ಪಾಠವಾಗಬಲ್ಲುದು. ಹುದ್ದೆಯನ್ನು ಕೇಳಿದರೆ ಹುದ್ದೆಯ ಉತ್ತರ ಬರುತ್ತದೆ, ಬದುಕನ್ನು ಕೇಳಿದರೆ ಬದುಕಿನ ಉತ್ತರ ಬರುತ್ತದೆ.

ಸಮಿತಿ ಎರಡನೆಯ ಪತ್ರ ಬರೆಯಿತು. ಈ ಬಾರಿ ಪ್ರಶ್ನೆಗಳು ನಾಲ್ಕು. ಕಾಲೇಜು ಬಿಟ್ಟ ಮೊದಲ ವರ್ಷ ಏನು ಮಾಡಿದಿರಿ? ಯಾವ ಕಷ್ಟದಲ್ಲಿ ಯಾರು ಕೈ ಹಿಡಿದರು? ಕಲಿತ ಕನ್ನಡ ಎಲ್ಲಿ ಉಪಯೋಗಕ್ಕೆ ಬಂತು, ಎಲ್ಲಿ ತೊಡಕಾಯಿತು? ಯಾರನ್ನು ನೋಡಬೇಕೆಂದು ಆಸೆಯಿದೆ? ಬರೆಯಲಾಗದವರು ಹೇಳಬಹುದು, ಬರೆದುಕೊಳ್ಳಲು ನಾವೇ ಬರುತ್ತೇವೆ ಎಂದು ಕೆಳಗೊಂದು ಸಾಲು ಸೇರಿಸಲಾಯಿತು. ಮೌನ ಮುರಿದದ್ದು ಆಮೇಲೆ.

ಬಂದ ಉತ್ತರಗಳು

ಮೊದಲ ವರ್ಷದ ಕಥೆಗಳೇ ಅತ್ಯಂತ ಸೊಗಸಾಗಿವೆ. ಒಬ್ಬರು ಪದವಿ ಮುಗಿದ ಮರುವರ್ಷ ಮಂಗಳೂರಿನಿಂದ ಮುಂಬಯಿಯ ಬಸ್ಸು ಹತ್ತಿದರು. ಕೊಂಕಣ ರೈಲು ಓಡಲು ಇನ್ನೂ ಹನ್ನೊಂದು ವರ್ಷ ಬಾಕಿಯಿತ್ತು. ಹೋಟೆಲಿನ ಗಲ್ಲೆಯಲ್ಲಿ ಲೆಕ್ಕ ಬರೆದು, ರಾತ್ರಿ ಟೈಪಿಂಗ್ ಕಲಿತು, ಅಲ್ಲಿಂದ ಕುವೈತಿಗೆ ಹೋದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಮ್ಮಾನಿನ ಮೂಲಕ ವಿಮಾನದಲ್ಲಿ ತಾಯ್ನಾಡಿಗೆ ಕರೆತರಲ್ಪಟ್ಟ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಅವರೂ ಒಬ್ಬರು. ಕೈಯಲ್ಲಿದ್ದುದು ಒಂದು ಚೀಲ. ಊರಿಗೆ ಬಂದ ಮೇಲೆ ಕುಂಬಳೆಯಲ್ಲಿ ಅಂಗಡಿಯಿಡಲು ಸಾಲಕ್ಕೆ ಜಾಮೀನು ನಿಂತವರು ಸಹಪಾಠಿ. ಜಾಮೀನು ನಿಂತವರ ಪುಟದಲ್ಲಿ ಈ ವಿಷಯದ ಉಲ್ಲೇಖವೇ ಇಲ್ಲ. ಸಾಲ ಪಡೆದವರ ಪುಟದಲ್ಲಿ ಅರ್ಧ ಪುಟ ಅದೇ ಇದೆ.

ಬ್ಯಾಂಕಿಗೆ ಸೇರಿದವರ ಬದುಕು ಬೇರೊಂದು ಬಗೆಯದು. ಕರಾವಳಿಯಲ್ಲೇ ಹುಟ್ಟಿ ಬೆಳೆದ ಬ್ಯಾಂಕುಗಳಲ್ಲಿ ಗುಮಾಸ್ತರಾಗಿ ಸೇರಿ ದೇಶವಿಡೀ ಸುತ್ತಿದವರು ನಮ್ಮಲ್ಲಿ ಹಲವರಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಸೇರಿದ ಬ್ಯಾಂಕಿನ ಹೆಸರಿನಲ್ಲಿ ನಿವೃತ್ತರಾಗಲಿಲ್ಲವೆಂಬ ಸಣ್ಣ ನೋವು ಅವರ ಪುಟಗಳಲ್ಲಿ ಒಂದೊಂದು ವಾಕ್ಯವಾಗಿ ಬಂದಿದೆ. ವಿಳಾಸದ ಕೊನೆಯ ಸಾಲು ಬದಲಾಗುವುದನ್ನು ಕಂಡವರಿಗೆ ಇದು ಹೊಸದಲ್ಲವೆಂದು ಒಬ್ಬರು ತಮಾಷೆಯಾಗಿ ಬರೆದಿದ್ದಾರೆ.

ತೋಟ ಬಿಟ್ಟು ಹೋಗದವರ ಪುಟಗಳು ಚಿಕ್ಕವು, ಆದರೆ ಗಟ್ಟಿ. ಅಡಕೆಯ ಕೊಳೆರೋಗ, ಮಳೆಯ ನಡುವೆ ಬೋರ್ಡೋ ದ್ರಾವಣದ ಸಿಂಪಡಣೆ, ಮರ ಹತ್ತುವವರ ಕೊರತೆ, ಹಳದಿ ಎಲೆ ರೋಗ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿ ಕೇರಳ ಕರ್ನಾಟಕಗಳೆರಡರ ಬೆಳೆಗಾರರನ್ನೂ ಒಳಗೊಂಡ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಬಗ್ಗೆ ಒಬ್ಬ ಕೃಷಿಕರು ಬರೆದ ಮಾತು ಸ್ಮರಣೀಯ: ಗಡಿಯ ಎರಡೂ ಕಡೆಯ ಅಡಕೆಗೆ ಒಂದೇ ತಕ್ಕಡಿ ಇದೆ, ಮಕ್ಕಳ ಕಲಿಕೆಗೂ ಹಾಗೊಂದು ಇದ್ದಿದ್ದರೆ ಚೆನ್ನಾಗಿತ್ತು.

2020ರ ಮಾರ್ಚಿನಲ್ಲಿ ಸೋಂಕಿನ ಕಾರಣ ತಲಪಾಡಿಯ ಗಡಿ ಮುಚ್ಚಿದ ದಿನಗಳು ಹಲವು ಪುಟಗಳಲ್ಲಿ ಬಂದಿವೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಊರುಗಳಿಗೆ ಆ ವಾರಗಳು ಉಸಿರು ಕಟ್ಟಿಸಿದವು. ಡಯಾಲಿಸಿಸ್ ಬೇಕಿದ್ದ ಸಹಪಾಠಿಯೊಬ್ಬರಿಗೆ ಕಣ್ಣೂರಿನ ಕಡೆ ವ್ಯವಸ್ಥೆ ಮಾಡಿಕೊಟ್ಟವರು ಕಾಲೇಜಿನಲ್ಲಿ ಮಲಯಾಳ ವಿಭಾಗದ ಬೆಂಚಿನಲ್ಲಿ ಕುಳಿತಿದ್ದ ಗೆಳೆಯರು. ಭಾಷೆಯ ವಿಷಯದಲ್ಲಿ ಅಂದು ಕ್ಯಾಂಟೀನಿನಲ್ಲಿ ಅವರಿಬ್ಬರೂ ಗಂಟೆಗಟ್ಟಲೆ ವಾದಿಸಿದ್ದುಂಟು.

ಬರೆಯದವರು

ಎರಡನೆಯ ಪತ್ರಕ್ಕೂ ಉತ್ತರ ಬಾರದ ಕೆಲವರಿದ್ದರು. ಅವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುವುದೆಂದು ನಿರ್ಧಾರವಾಯಿತು. ಎಣ್ಮಕಜೆಯ ಕಡೆಯ ಒಂದು ಮನೆಯಲ್ಲಿ ಸಿಕ್ಕ ಸಹಪಾಠಿಗೆ ನಾವು ಬಂದದ್ದು ಸಂತೋಷವೋ ಸಂಕೋಚವೋ ತಿಳಿಯದಂತಾಯಿತು. ಮೂವತ್ತು ದಾಟಿದ ಮಗ ಒಳಕೋಣೆಯ ಚಾಪೆಯ ಮೇಲೆ. ಮಾತಿಲ್ಲ, ನಡಿಗೆಯಿಲ್ಲ, ತಾಯಿಯ ದನಿಗೆ ಮಾತ್ರ ಕಣ್ಣು ತಿರುಗುತ್ತದೆ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಹಳ್ಳಿಗಳಿವು. ಆ ವಿಷವನ್ನು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿದ್ದು 2017ರಲ್ಲಿ. ದಿನಾಂಕಗಳನ್ನು ಹೀಗೆ ಒಂದೇ ವಾಕ್ಯದಲ್ಲಿ ಬರೆದು ಮುಗಿಸಬಹುದು. ಆ ತಾಯಿಗೆ ಅವುಗಳ ನಡುವಿನ ಒಂದೊಂದು ರಾತ್ರಿಯೂ ಗೊತ್ತು.

ನಮೂನೆಯನ್ನು ಆಕೆ ಹರಿದಿರಲಿಲ್ಲ. ದೇವರ ಕೋಣೆಯ ಪಂಚಾಂಗದ ಹಿಂದೆ ಸಿಕ್ಕಿಸಿಟ್ಟಿದ್ದರು. ‘ಮಕ್ಕಳು ಏನಾಗಿದ್ದಾರೆ’ ಎಂಬಲ್ಲಿ ಏನು ಬರೆಯಲಿ ಎಂಬುದೊಂದೇ ಅವರ ಪ್ರಶ್ನೆಯಾಗಿತ್ತು. ಅಂದು ಸಂಜೆ ಅವರು ಹೇಳಿದ್ದನ್ನು ಬರೆದುಕೊಂಡೆವು. ಅರ್ಜಿಗಳನ್ನು ತಾವೇ ಕನ್ನಡದಲ್ಲಿ ಬರೆದದ್ದು, ಮಲಯಾಳದಲ್ಲಿ ಬರೆದು ತನ್ನಿ ಎಂದಾಗ ರಾತ್ರಿ ಕುಳಿತು ಆ ಲಿಪಿ ಕಲಿತದ್ದು, ಆಮೇಲೆ ನೆರೆಯ ಹನ್ನೆರಡು ಮನೆಗಳ ಅರ್ಜಿಗಳನ್ನೂ ಬರೆದುಕೊಟ್ಟದ್ದು. ಪದವಿ ಎಂಬುದು ಯಾವ ಕೆಲಸಕ್ಕೆ ಬಂತೆಂದು ಕೇಳುವವರಿಗೆ ನಮ್ಮ ಪುಸ್ತಿಕೆಯಲ್ಲಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಸಮಾಗಮದ ದಿನ ಅವರು ಬರಬೇಕಾದರೆ ಮಗನ ಬಳಿ ಯಾರಾದರೂ ಇರಬೇಕು. ತರಗತಿಯ ಇಬ್ಬರು ಹೆಣ್ಣುಮಕ್ಕಳು ಬೆಳಗ್ಗೆ ಒಬ್ಬರು, ಮಧ್ಯಾಹ್ನದ ಬಳಿಕ ಒಬ್ಬರು ಎಂದು ತಾವಾಗಿ ಪಾಳಿ ಹಂಚಿಕೊಂಡಿದ್ದಾರೆ.

ವ್ಯಾಪಾರದಲ್ಲಿ ಸೋತು ಊರು ಬಿಟ್ಟವರೊಬ್ಬರು ದೂರವಾಣಿಯಲ್ಲಿ ಸಿಕ್ಕರೂ ವಿಳಾಸ ಕೊಡಲಿಲ್ಲ. ಅವರಿಗೆ ಬಲವಂತ ಮಾಡಲಿಲ್ಲ. ಪುಸ್ತಿಕೆಯಲ್ಲಿ ಅವರ ಹೆಸರಿದೆ, ಕಾಲೇಜು ಕಬಡ್ಡಿ ತಂಡದ ಚಿತ್ರವಿದೆ. ಉಳಿದದ್ದು ಅವರ ಇಚ್ಛೆ. ತೀರಿಕೊಂಡವರ ಪುಟಗಳನ್ನು ಅವರ ಹತ್ತಿರ ಕುಳಿತಿದ್ದವರೇ ಬರೆದರು. ಅಂತಿಮ ಕಾಯಿಲೆಯ ವಿವರ ಬೇಡ, ಅವರು ಹೇಗೆ ನಗುತ್ತಿದ್ದರೆಂದು ಬರೆಯಿರಿ ಎಂಬುದೊಂದೇ ಸೂಚನೆ. ಒಂದು ಪುಟವನ್ನು ತೀರಿಕೊಂಡವರ ಮಗಳು ಬರೆದಿದ್ದಾಳೆ. ಅಪ್ಪನ ಟ್ರಂಕಿನಲ್ಲಿದ್ದ ನೀಲಿ ಇನ್‌ಲ್ಯಾಂಡ್ ಪತ್ರಗಳನ್ನು ಓದಿಸಿಕೊಳ್ಳಲು ಆಕೆ ಅಜ್ಜಿಯ ಬಳಿ ಹೋಗಬೇಕಾಯಿತಂತೆ. ಏಕೆಂದರೆ ಆಕೆಗೆ ಕನ್ನಡ ಓದಲು ಬರುವುದಿಲ್ಲ.

ಭಾಷೆಯ ಲೆಕ್ಕ

ಇಲ್ಲಿಗೆ ಲೆಕ್ಕದ ಕಠಿಣ ಭಾಗ ಬಂತು. ನಮ್ಮ ತರಗತಿಯ ಪುಟಗಳನ್ನು ಒಟ್ಟಿಗೆ ಓದಿದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು, ಕನ್ನಡದಲ್ಲಿ ಕಲಿತ ಕಾರಣಕ್ಕೆ ಬದುಕು ಕೆಟ್ಟಿತೆಂದು ಬರೆದವರು ಯಾರೂ ಇಲ್ಲ. ತೊಡಕುಗಳಿದ್ದವೆಂದು ಬಹುತೇಕ ಎಲ್ಲರೂ ಬರೆದಿದ್ದಾರೆ. ಪ್ರೀಡಿಗ್ರಿಯ ಮೊದಲ ವರ್ಷ ಇಂಗ್ಲಿಷ್ ಪಾಠ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ. ಓಣಂ ರಜೆಯ ಹೊತ್ತಿಗೆ ಅರ್ಧ ಅರ್ಥವಾಯಿತು. ಎರಡನೆಯ ವರ್ಷ ಹೆದರಿಕೆ ಹೋಯಿತು. ಶಾಲೆಯಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಅರ್ಥಮಾಡಿಕೊಂಡು ಕಲಿತಿದ್ದುದರಿಂದ ಪದಗಳನ್ನಷ್ಟೇ ಹೊಸದಾಗಿ ಕಲಿಯಬೇಕಾಯಿತು ಎಂದು ಇಬ್ಬರು ಅಧ್ಯಾಪಕರು ಬರೆದಿದ್ದಾರೆ. ಮಲಯಾಳ ಬರೆಯಲು ತಿಳಿಯದೆ ಕಚೇರಿಗಳಲ್ಲಿ ಹಿಂದೆ ಬಿದ್ದವರಿದ್ದಾರೆ. ಹಾಗೆಯೇ ಎರಡೂ ಭಾಷೆ ಬಲ್ಲೆವೆಂಬ ಕಾರಣಕ್ಕೇ ಕೇರಳ ಲೋಕಸೇವಾ ಆಯೋಗವು ಈ ಜಿಲ್ಲೆಗೆಂದು ಕರೆಯುವ ಕನ್ನಡ ಮಲಯಾಳ ಬಲ್ಲ ಗುಮಾಸ್ತರ ಹುದ್ದೆಗೆ ಆಯ್ಕೆಯಾದವರೂ ಇದ್ದಾರೆ. ಎರಡನೆಯ ಭಾಷೆಯನ್ನು ಕಲಿತವರಿಗೆ ಮೊದಲ ಭಾಷೆ ಭಾರವಾಗಲಿಲ್ಲ, ಕಲಿಯದವರಿಗೆ ಆಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡನೆಯದು, ಕನ್ನಡ ಶಾಲೆಯನ್ನು ಇಷ್ಟು ಪ್ರೀತಿಯಿಂದ ನೆನೆಯುವ ಈ ತರಗತಿಯವರಲ್ಲಿ ತಮ್ಮ ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳುಹಿಸಿದವರು ಕಡಿಮೆ. ವರ್ಗಾವಣೆಯಾಗುತ್ತಿದ್ದವರಿಗೆ ದಾರಿಯಿರಲಿಲ್ಲ, ಅದು ಸರಿ. ಊರಲ್ಲೇ ಉಳಿದವರೂ ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದರು. ಯಾರನ್ನೂ ದೂರಲು ಈ ಮಾತನ್ನು ಬರೆಯುತ್ತಿಲ್ಲ. ಪುಟಗಳಲ್ಲಿ ಇರುವುದೇ ಇದು. ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎಂಬ ವಾಕ್ಯ ಬೇರೆ ಬೇರೆ ಕೈಬರಹಗಳಲ್ಲಿ ಮತ್ತೆ ಮತ್ತೆ ಬಂದಿದೆ. ತಂದೆ ತಾಯಿಯ ಬದುಕಿನ ಸಾರಾಂಶವನ್ನು ಹೊತ್ತ ಪುಸ್ತಿಕೆಯನ್ನು ಅವರ ಮಕ್ಕಳೇ ಓದಲಾರರು. ಸಮಿತಿಯ ಮುಂದೆ ಇಂಗ್ಲಿಷ್ ಭಾಗವೊಂದನ್ನು ಸೇರಿಸೋಣವೆಂಬ ಸಲಹೆಯೂ ಬಂತು. ಬಹುಮತ ಒಪ್ಪಲಿಲ್ಲ. ಮಕ್ಕಳಿಗೆ ಓದಿ ಹೇಳಿ. ಆ ನೆಪದಲ್ಲಾದರೂ ಅರ್ಧ ಗಂಟೆ ಜತೆಗೆ ಕುಳಿತಂತಾಗುತ್ತದೆ ಎಂಬುದೇ ಕೊನೆಯ ತೀರ್ಮಾನವಾಯಿತು.

ಇಂದು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ಹೆತ್ತವರು ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ನಮ್ಮ ಕಾಲಕ್ಕಿಂತ ಈಗಿನ ಕಾಲ ಬೇರೆ. 2017ರ ಕಾನೂನಿನ ಬಳಿಕ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಬಂದಿದೆ. ಕನ್ನಡ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರು ಬರುವ ಸಮಸ್ಯೆಗಾಗಿ ಹೆತ್ತವರು ಬೀದಿಗಿಳಿದದ್ದನ್ನು ಕಂಡಿದ್ದೇವೆ. ಆ ಹೋರಾಟ ನಡೆಯಬೇಕು. ಅದರೊಂದಿಗೆ ಮನೆಯಲ್ಲಿ ಹೆದರಿಕೆಯನ್ನು ಕಳೆಯುವ ಕೆಲಸವೂ ಆಗಬೇಕು. ಅದಕ್ಕೆ ನಮ್ಮ ಪುಟಗಳು ಒಂದಿಷ್ಟು ನೆರವಾದಾವು. ಕನ್ನಡ ಶಾಲೆ ಯಾರನ್ನೂ ಸಾಹುಕಾರರನ್ನಾಗಿ ಮಾಡುವ ಭರವಸೆ ಕೊಟ್ಟಿರಲಿಲ್ಲ. ಓದಿ ತಿಳಿಯುವ, ಬರೆದು ವಾದಿಸುವ, ಗೊತ್ತಿಲ್ಲದ ಲಿಪಿಯನ್ನು ಬೇಕಾದಾಗ ಕಲಿತುಕೊಳ್ಳುವ ಶಕ್ತಿಯನ್ನು ಅದು ಕೊಟ್ಟಿತು.

ಸಮಾಗಮಕ್ಕೆ ಸಿದ್ಧರಾಗುವವರಿಗೆ

ಮುಂದಿನ ವರ್ಷಗಳಲ್ಲಿ ಸಮಾಗಮ ನಡೆಸಲಿರುವ ತರಗತಿಗಳಿಗೆ ಕೆಲವು ಮಾತುಗಳನ್ನು ಅನುಭವದಿಂದ ಹೇಳಬಹುದು.

ದಿನಾಂಕಕ್ಕೆ ಕನಿಷ್ಠ ಆರು ತಿಂಗಳು ಮೊದಲು ಹುಡುಕಾಟ ಆರಂಭಿಸಬೇಕು. ಹಾಜರಿ ಪಟ್ಟಿಯನ್ನು ಪೂರ್ತಿಯಾಗಿ ಇಟ್ಟುಕೊಂಡು ಒಬ್ಬೊಬ್ಬರಿಗೂ ಒಬ್ಬ ಹೊಣೆಗಾರರನ್ನು ಗೊತ್ತುಮಾಡಿದರೆ ಯಾರೂ ತಪ್ಪಿಹೋಗುವುದಿಲ್ಲ. ಹೆಣ್ಣುಮಕ್ಕಳನ್ನು ಹುಡುಕುವ ಹೊಣೆಯನ್ನು ಹೆಣ್ಣುಮಕ್ಕಳಿಗೇ ಕೊಟ್ಟರೆ ಬೇಗ ಸಿಗುತ್ತಾರೆ, ಮನಬಿಚ್ಚಿ ಮಾತಾಡುತ್ತಾರೆ.

ಪುಟಗಳು ಎಲ್ಲರಿಗೂ ಸಮ ಗಾತ್ರದವಾಗಿರಲಿ, ಅಕಾರಾದಿಯಾಗಿ ಜೋಡಿಸಲ್ಪಡಲಿ. ಹುದ್ದೆಯ ಕ್ರಮದಲ್ಲಿ ಜೋಡಿಸಿದ ಪುಸ್ತಿಕೆ ಸಹಪಾಠಿಗಳ ಪುಸ್ತಿಕೆಯಲ್ಲ. ವಂತಿಗೆಯನ್ನು ಎಲ್ಲರಿಗೂ ಒಂದೇ ಮೊತ್ತ ಎಂದು ನಿಗದಿಮಾಡದೆ, ಕೊಟ್ಟವರು ಕೊಟ್ಟಷ್ಟು, ಯಾರು ಎಷ್ಟು ಕೊಟ್ಟರೆಂದು ಓದದಿರುವುದು ಲೇಸು. ಕಾಯಿಲೆ, ಸಾಲ, ಮನೆಯ ಮನಸ್ತಾಪಗಳ ಬಗ್ಗೆ ಯಾರಾದರೂ ಹೇಳಿಕೊಂಡರೆ ಮುದ್ರಿಸುವ ಮೊದಲು ಪುಟವನ್ನು ಅವರಿಗೆ ಓದಿ ಕೇಳಿಸಿ ಒಪ್ಪಿಗೆ ಪಡೆಯಬೇಕು. ಎಣ್ಮಕಜೆಯ ಗೆಳತಿಯ ಪುಟವನ್ನೂ ಈ ಲೇಖನದ ಸಾಲುಗಳನ್ನೂ ಅವರಿಗೆ ಓದಿ ಕೇಳಿಸಿಯೇ ಇಲ್ಲಿ ಕೊಡಲಾಗಿದೆ.

ಇನ್ನೊಂದು ಮಾತು. ಸಮಾಗಮದ ಬಳಿಕ ಪುಸ್ತಿಕೆಗಳು ಕಪಾಟು ಸೇರುವುದು ವಾಡಿಕೆ. ನಮ್ಮ ತರಗತಿ ಬೇರೊಂದು ಏರ್ಪಾಡು ಮಾಡಿಕೊಂಡಿದೆ. ನಾವು ಹೊರಟು ಬಂದ ಒಂದೊಂದು ಕನ್ನಡ ಶಾಲೆಯ ವಾಚನಾಲಯಕ್ಕೂ ಒಂದು ಪ್ರತಿ ಹೋಗಲಿದೆ. ಜನವರಿಯಿಂದ ಮಾರ್ಚಿನವರೆಗೆ, ಪರೀಕ್ಷೆಗೆ ಮೊದಲು, ಆಯಾ ಶಾಲೆಯಲ್ಲಿ ಕಲಿತವರೇ ಅಲ್ಲಿಗೆ ಹೋಗಿ ಹತ್ತನೆಯ ತರಗತಿಯ ಮಕ್ಕಳ ಮತ್ತು ಅವರ ಹೆತ್ತವರ ಎದುರು ತಮ್ಮ ಪುಟವನ್ನು ಓದಿ ಹೇಳಲಿದ್ದಾರೆ. ಅಂಗಡಿಯವರೂ ಹೋಗುತ್ತಾರೆ, ಕೃಷಿಕರೂ ಹೋಗುತ್ತಾರೆ, ಬ್ಯಾಂಕಿನವರೂ ಹೋಗುತ್ತಾರೆ. ಅರ್ಜಿ ಬರೆಯುವುದು ಹೇಗೆಂದು ಕಲಿಸಲು ಆ ತಾಯಿಯೂ ಒಪ್ಪಿದ್ದಾರೆ. ಅವರ ಊರಿನ ಶಾಲೆ ಮನೆಯಿಂದ ಹತ್ತು ನಿಮಿಷದ ದಾರಿ. ಕನ್ನಡ ಮಾಧ್ಯಮದಲ್ಲಿ ಕಲಿತರೆ ಮುಂದೇನೆಂದು ಹೆತ್ತವರು ಅಲ್ಲಿ ನೇರವಾಗಿ ಕೇಳಬಹುದು. ಸಿಹಿಯನ್ನಷ್ಟೇ ಹೇಳಬಾರದು, ಕಹಿಯನ್ನೂ ಹೇಳಬೇಕು ಎಂದು ಹೋಗುವವರೆಲ್ಲರೂ ಒಪ್ಪಿಕೊಂಡಿದ್ದಾರೆ.